ಐವತ್ತರ ಕೋವಿಗೆ ಎಷ್ಟರ ಗುಂಡು?

ಹೋದ ಚಳಿಗಾಲದಲ್ಲಿ ನಮ್ಮ ಬಳಗದ ಗೆಳೆಯರೊಬ್ಬರು ಒಂದು ಹಳೇ ಮಾದರಿಯ ಕೋವಿ ಕೊಂಡರು. ನಳಿಗೆಯ ಬಾಯಿಂದ ಮದ್ದು ತುಂಬುವ ರೈಫಲ್, 50 ಕ್ಯಾಲಿಬರ್. ಗುಂಡು ಕೊಳ್ಳಲು ಹೋದವರು ಅಂಗಡಿಯಿಂದಲೇ ಫೋನ್ ಮಾಡಿದರು. "ಐವತ್ತರ ಕೋವಿಗೆ ಐವತ್ತರ ಗುಂಡೇ ಅಲ್ವಾ? ಇಲ್ಲಿ 490, 495 ಅಂತ ಎರಡು ಥರ ಡಬ್ಬಿ ಇದೆ. 500 ಇಲ್ವೇ ಇಲ್ಲ."

"490 ತಗೊಳ್ಳಿ, ಮಿಕ್ಕಿದ್ದು ಮನೆಗೆ ಬಂದ ಮೇಲೆ ಹೇಳ್ತೀನಿ" ಅಂದೆ. ಆ ಮಿಕ್ಕಿದ್ದೇ ಈ ಬರಹ.

ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವನು. ಈಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್ ಹತ್ತಿರ ಇದ್ದೇನೆ. ಇಲ್ಲೂ ಅದೇ ಲೇತು, ಅದೇ ಮೈಕ್ರೋಮೀಟರ್. ಕೊಪ್ಪದ ಕಡೆ ನಮ್ಮ ಅಜ್ಜನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ (ನಳಿಗೆಯೊಳಗೆ ಒತ್ತುವ ಉದ್ದ ಕೋಲು) ಜಡಿದು, ಮೇಲೆ ಚರೆ ಹಾಕುತ್ತಿದ್ದರು. ಲ್ಯಾಂಕಾಸ್ಟರಿಗೆ ಬಂದ ಮೇಲೆ ತಿಳಿಯಿತು, ಉದ್ದ ನಳಿಗೆಯ ಪೆನ್ಸಿಲ್ವೇನಿಯಾ ರೈಫಲ್ ಬೆಳೆದದ್ದೇ ಈ ಸೀಮೆಯಲ್ಲಿ ಅಂತ. 18ನೇ ಶತಮಾನದಲ್ಲಿ ಜರ್ಮನಿ ಕಡೆಯಿಂದ ಬಂದ ಕಮ್ಮಾರರು ಇಲ್ಲಿ ಕೂತು ಮಾಡಿದರು. ಇವತ್ತಿಗೂ ಕ್ರಿಸ್‌ಮಸ್ ಮುಗಿದ ಮಾರನೇ ದಿನದಿಂದ ಕಿಡಿಕಲ್ಲಿನ ಕೋವಿಗೆ (ಕಲ್ಲು ಉಕ್ಕಿಗೆ ತಾಗಿ ಹಾರುವ ಕಿಡಿಯಿಂದ ಮದ್ದು ಹೊತ್ತಿಸುವ ಫ್ಲಿಂಟ್‌ಲಾಕ್) ಅಂತಲೇ ಬೇರೆ ಜಿಂಕೆ ಬೇಟೆಯ ಕಾಲ ಶುರುವಾಗುತ್ತದೆ. ನನ್ನದು ಲೈಮನ್ ಗ್ರೇಟ್ ಪ್ಲೇನ್ಸ್, ಸೆಕೆಂಡ್ ಹ್ಯಾಂಡ್, ಕಿಡಿಕಲ್ಲಿನದು.

ಊರಿನವರು ಓದುತ್ತಿದ್ದರೆ ಒಂದು ಮಾತು. ನಮ್ಮ ಮಲೆನಾಡಿನ ಒಂಟಿ ನಳಿಗೆ ಕೇಪಿನ ಕೋವಿಗೆ ಈ ಲೆಕ್ಕ ಬರುವುದಿಲ್ಲ. ಅದರ ನಳಿಗೆಯ ಒಳಗೆ ನುಣುಪು, ಗೆರೆ ಇಲ್ಲ. ಇಲ್ಲಿ ಹೇಳುತ್ತಿರುವುದು ಒಳಗೆ ಸುರುಳಿ ಗೆರೆ ಕೊರೆದ ರೈಫಲ್ ವಿಷಯ, ಅದಕ್ಕೆ ಹಾಕುವ ಉಂಡೆ ಸೀಸದ ಗುಂಡಿನ ವಿಷಯ.

ಮೊದಲು ಐವತ್ತು ಅಂದರೇನು ನೋಡೋಣ. ನಳಿಗೆಯ ಒಳಗೆ ಕೊರೆದ ತೋಡಿಗೆ ಗ್ರೂವ್ ಅಂತಾರೆ. ಎರಡು ತೋಡಿನ ನಡುವೆ ಉಳಿದ ದಿಣ್ಣೆಗೆ ಲ್ಯಾಂಡ್ ಅಂತಾರೆ. 50 ಕ್ಯಾಲಿಬರ್ ಅಂದರೆ ಒಂದು ದಿಣ್ಣೆಯಿಂದ ಎದುರು ದಿಣ್ಣೆಗೆ ಅರ್ಧ ಇಂಚು. ನಮ್ಮ ಟೂಲ್ ರೂಮ್ ಭಾಷೆಯಲ್ಲಿ 500 ಥೌ, ಅಂದರೆ ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕ. ಒಂದು ತಲೆಕೂದಲು ಸುಮಾರು 3 ಥೌ ದಪ್ಪ ಇರುತ್ತದೆ. ಡಬ್ಬಿ ಮೇಲಿನ 490 ಅಂದರೆ ಗುಂಡಿನ ಅಡ್ಡಳತೆ 490 ಥೌ.

ಹಳಬರ ಲೆಕ್ಕ ಬೇರೆ ಇತ್ತು. ಒಂದು ಪೌಂಡ್ ಸೀಸದಲ್ಲಿ ಎಷ್ಟು ಗುಂಡು ಆಗುತ್ತದೆ ಅನ್ನುವುದೇ ಅಳತೆ. ನಾವು ಊರಲ್ಲಿ 'ಹನ್ನೆರಡು ಬೋರ್' ಅನ್ನುತ್ತೇವಲ್ಲ, ಅದು ಇದೇ. ಪೌಂಡಿಗೆ 12 ಗುಂಡು ಬರುವಷ್ಟು ದಪ್ಪ ನಳಿಗೆ. ಹಾಗೆ ನೋಡಿದರೆ ನನ್ನ 490 ಗುಂಡು ಪೌಂಡಿಗೆ ಸುಮಾರು 40 ಬರುತ್ತದೆ. ಆಗ ಒಂದು ಕೋವಿ ಇದ್ದ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಅದಕ್ಕೇ ಕಮ್ಮಾರ ಕೋವಿಯ ಜೊತೆಗೆ ಅದಕ್ಕೆ ಹೊಂದುವ ಗುಂಡಿನ ಅಚ್ಚನ್ನೂ ಮಾಡಿ ಕೊಡುತ್ತಿದ್ದ. ಆ ಅಚ್ಚು ಕಳೆದರೆ ಕೋವಿ ಅರ್ಧ ಕಳೆದ ಹಾಗೆ. ಈಗ ಅಂಗಡಿಯಲ್ಲಿ ಡಬ್ಬಿ ಸಿಗುತ್ತದೆ, ಸರಿ. ಆದರೆ ಹೊಂದಿಸುವ ಕೆಲಸ ಕಮ್ಮಾರನ ಕೈಯಿಂದ ನಮ್ಮ ಕೈಗೆ ಬಂದಿದೆ.

ಗುಂಡು ಯಾಕೆ ಸಣ್ಣದಿರಬೇಕು? ಅದು ಒಂಟಿಯಾಗಿ ಹೋಗುವುದಿಲ್ಲ. ಎಣ್ಣೆ ಸವರಿದ ಬಟ್ಟೆಯ ಬಿಲ್ಲೆಯಲ್ಲಿ ಸುತ್ತಿಕೊಂಡು ಹೋಗುತ್ತದೆ. ಇದಕ್ಕೆ ಪ್ಯಾಚ್ ಅಂತಾರೆ. ತೋಡನ್ನು ಹಿಡಿದು ತಿರುಗುವುದು ಬಟ್ಟೆ. ಬಟ್ಟೆ ತಿರುಗಿದಂತೆ ಗುಂಡೂ ತಿರುಗುತ್ತದೆ. ಮದ್ದಿನ ಹೊಗೆ ಮುಂದೆ ನುಗ್ಗದಂತೆ ತಡೆಯುವುದೂ ಬಟ್ಟೆಯೇ. ಆದ್ದರಿಂದ 'ಎಷ್ಟರ ಗುಂಡು' ಅಂತ ಮಾತ್ರ ಕೇಳಿದರೆ ಅದು ಅರ್ಧ ಪ್ರಶ್ನೆ. ಎಷ್ಟರ ಗುಂಡಿಗೆ ಎಷ್ಟರ ಬಟ್ಟೆ ಅಂತ ಕೇಳಬೇಕು.

ನನ್ನ ಕೋವಿಯ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ. ದಿಣ್ಣೆಯಿಂದ ದಿಣ್ಣೆಗೆ 500. ತೋಡಿನ ಆಳ ಒಂದೊಂದು ಕಡೆ 10. ಅಂದರೆ ತೋಡಿನಿಂದ ತೋಡಿಗೆ 520. ಇದರಲ್ಲಿ 490 ಗುಂಡು ಇಟ್ಟರೆ ದಿಣ್ಣೆಯ ಹತ್ತಿರ ಒಂದೊಂದು ಕಡೆ 5 ಥೌ ಜಾಗ, ತೋಡಿನಲ್ಲಿ 15 ಥೌ ಜಾಗ. ಬಟ್ಟೆ 18 ಥೌ ದಪ್ಪ ಇದ್ದರೆ ತೋಡಿನಲ್ಲಿ 3 ಥೌ ಅದುಮಿಕೊಂಡು ಗಟ್ಟಿ ಕೂರುತ್ತದೆ. ದಿಣ್ಣೆಯ ಮೇಲೆ ಇನ್ನೂ ಜಾಸ್ತಿ ಅದುಮುತ್ತದೆ, ಮೆತ್ತನೆ ಸೀಸ ಅಲ್ಲಿ ಚೂರು ಜಾಗ ಬಿಡುತ್ತದೆ. ಇದು ಸರಿಯಾದ ಜೋಡಿ.

ಈಗ 495 ಇಡಿ. ದಿಣ್ಣೆಯಲ್ಲಿ ಬರೀ ಎರಡೂವರೆ ಥೌ, ತೋಡಿನಲ್ಲಿ ಹನ್ನೆರಡೂವರೆ. ಇದಕ್ಕೆ 15ರ ಬಟ್ಟೆ ಬೇಕು. 10ರ ಬಟ್ಟೆ ಹಾಕಿದರೆ ಸಲೀಸಾಗಿ ಇಳಿಯುತ್ತದೆ, ನಿಜ. ಆದರೆ ತೋಡಿನ ತಳ ಮುಟ್ಟುವುದಿಲ್ಲ. ಹೊಗೆ ಅಲ್ಲಿಂದಲೇ ನುಗ್ಗುತ್ತದೆ.

ಬಹಳ ಜನ ಕಡೆಗಣಿಸುವುದು ಈ ತೋಡಿನ ಆಳವನ್ನು. ನಿಮ್ಮದೂ ಐವತ್ತು, ನನ್ನದೂ ಐವತ್ತು. ಆದರೆ ನಿಮ್ಮ ತೋಡು 5 ಥೌ ಮಾತ್ರ ಇದ್ದರೆ ಅದೇ 490 ಗುಂಡಿಗೆ ತೋಡಿನಲ್ಲಿ 10 ಥೌ ಜಾಗ. ನನ್ನ ದಪ್ಪ ಬಟ್ಟೆ ನಿಮ್ಮಲ್ಲಿ ಇಳಿಯುವುದೇ ಇಲ್ಲ. "ಅವರು ಇಂಥದ್ದು ಹಾಕ್ತಾರಂತೆ" ಅಂತ ಕೇಳಿ ಕೊಂಡರೆ ಆಗುವ ತೊಂದರೆ ಇದೇ.

ಅಳೆಯುವುದು ಹೇಗೆ? ಮೊದಲು ಕೋವಿ ಖಾಲಿ ಇದೆಯೇ ನೋಡಿಕೊಳ್ಳಿ. ಗಜವನ್ನು ತಳದವರೆಗೆ ಬಿಟ್ಟು, ಬಾಯಿಯ ಹತ್ತಿರ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿಯಿರಿ. ಗಜದ ತುದಿ ರಂಜಕದ ತೂತಿನವರೆಗೆ, ಅಂದರೆ ಬೆಂಕಿ ಒಳಗಿನ ಮದ್ದಿಗೆ ಹೋಗುವ ತೂತಿನವರೆಗೆ, ಬರಬೇಕು. ಬಾರದಿದ್ದರೆ ಒಳಗೆ ಏನೋ ಕೂತಿದೆ. ಸೆಕೆಂಡ್ ಹ್ಯಾಂಡ್ ಕೋವಿಯಲ್ಲಿ ಯಾವತ್ತೋ ತುಂಬಿಟ್ಟ ಈಡು ಹಾಗೇ ಇರುವುದುಂಟು. ಈ ಒಂದು ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ.

ಆಮೇಲೆ ಕ್ಯಾಲಿಪರ್ ಹಿಡಿದು ಬಾಯಿಯ ಹತ್ತಿರ ದಿಣ್ಣೆಯಿಂದ ದಿಣ್ಣೆಗೆ ಅಳೆಯಬಹುದು. ಆದರೆ ಎರಡು ತೊಡಕು ಇದೆ. ತೋಡುಗಳ ಸಂಖ್ಯೆ 7 ಇದ್ದರೆ ಒಂದು ದಿಣ್ಣೆಯ ಎದುರಿಗೆ ದಿಣ್ಣೆ ಇರುವುದಿಲ್ಲ, ತೋಡು ಇರುತ್ತದೆ. ಇನ್ನೊಂದು, ಹಳೇ ಕೋವಿಯಲ್ಲಿ ಗಜ ಉಜ್ಜಿ ಉಜ್ಜಿ ಬಾಯಿ ಸ್ವಲ್ಪ ಅಗಲವಾಗಿರುತ್ತದೆ. ನಾನು ಮಾಡುವುದು ಹೀಗೆ. ತೋಡನ್ನೂ ತುಂಬುವಷ್ಟು ದೊಡ್ಡದಾದ ಮೆತ್ತನೆ ಸೀಸದ ಗುಂಡು ತೆಗೆದುಕೊಂಡು, ಅದಕ್ಕೆ ಮೊದಲೇ ಒಂದು ಮರದ ಸ್ಕ್ರೂ ತಿರುಗಿಸಿ ಇಡುತ್ತೇನೆ. ಎಣ್ಣೆ ಸವರಿ, ಸ್ಕ್ರೂ ಮೇಲೆ ಬರುವಂತೆ ಬಾಯಿಯಲ್ಲಿಟ್ಟು, ಮರದ ಸುತ್ತಿಗೆಯಿಂದ ಗುಂಡು ಅರ್ಧ ದಾಟಿ ಮುಳುಗುವವರೆಗೆ ಮೆಲ್ಲಗೆ ತಟ್ಟುತ್ತೇನೆ. ಆಮೇಲೆ ಸ್ಕ್ರೂ ಹಿಡಿದು ಎಳೆದರೆ ಬರುತ್ತದೆ. ಗುಂಡಿನ ನಡುವಿಗೆ ಅಚ್ಚು ಬಿದ್ದಿರುತ್ತದೆ. ಉಬ್ಬಿದ ಕಡೆ ತೋಡು, ತಗ್ಗಿದ ಕಡೆ ದಿಣ್ಣೆ. ತೋಡುಗಳ ಸಂಖ್ಯೆ ಸಮ ಇದ್ದರೆ ಮೈಕ್ರೋಮೀಟರ್‌ನಲ್ಲಿ ಎರಡನ್ನೂ ಓದಿ ಬರೆದಿಟ್ಟುಕೊಳ್ಳಿ. 7 ಇದ್ದರೆ ಎದುರುಬದುರು ಓದಿದ್ದು ಎರಡರ ನಡುವಿನ ಅಳತೆ ಮಾತ್ರ.

ಇನ್ನು ಬಟ್ಟೆ. ಗುಂಡಿಗೆ ಕೊಡುವಷ್ಟೇ ಗಮನ ಇದಕ್ಕೂ ಕೊಡಬೇಕು. ನೂರಕ್ಕೆ ನೂರು ಹತ್ತಿಯದೇ ಆಗಬೇಕು, ಅಥವಾ ಲಿನನ್. ಪಾಲಿಯೆಸ್ಟರ್ ಬೆರಕೆ ಇದ್ದರೆ ಬಿಸಿಗೆ ಕರಗಿ ನಳಿಗೆಗೆ ಅಂಟುತ್ತದೆ. ಅಂಗಡಿಯವರ ಮಾತು ನಂಬುವ ಬದಲು ಒಂದು ಎಳೆ ಕಿತ್ತು ಬೆಂಕಿ ತಾಗಿಸಿ. ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಇಲ್ಲಿನವರು ಹೆಚ್ಚಾಗಿ ಬಳಸುವುದು ದಿಂಬಿನ ಪಟ್ಟೆ ಬಟ್ಟೆ. ಮೊದಲ ಸಲ ಅದನ್ನು ಮುಟ್ಟಿದಾಗ ನನಗೆ ನಗು ಬಂತು, ಖುಷಿಯ ನಗು. ನಮ್ಮ ಮನೆಯ ಹತ್ತಿ ಹಾಸಿಗೆಗೆ ಹೊಲಿಸುತ್ತಿದ್ದ ಅದೇ ಒತ್ತು ನೇಯ್ಗೆಯ ಪಟ್ಟೆ ಬಟ್ಟೆ! ತಂದ ಕೂಡಲೇ ಒಮ್ಮೆ ಬಿಸಿ ನೀರಲ್ಲಿ ಒಗೆದು ಒಣಗಿಸಿ. ಗಂಜಿ ಹೋಗುತ್ತದೆ, ನೇಯ್ಗೆ ಬಿಗಿಯಾಗುತ್ತದೆ. ಅಳೆಯುವುದು ಒಗೆದ ಮೇಲೆ.

ಅಳೆಯುವಾಗ ಕ್ಯಾಲಿಪರ್ ಸುಮ್ನೆ ತಾಗಿಸಿದರೆ 20 ತೋರಿಸುತ್ತದೆ, ಹಿಸುಕಿದರೆ 16. ಯಾವುದು ನಿಜ? ನಳಿಗೆಯೊಳಗೆ ಅದು ಹಿಸುಕಿಕೊಂಡೇ ಇರುತ್ತದೆ, ಹಾಗಾಗಿ ಅದುಮಿ ಓದಿದ ಅಳತೆಯೇ ನಿಜ. ರ‍್ಯಾಚೆಟ್ ಇರುವ ಮೈಕ್ರೋಮೀಟರ್ ಇದ್ದರೆ ಒಳ್ಳೆಯದು, ಪ್ರತಿ ಸಲ ಒಂದೇ ಒತ್ತಡ ಬೀಳುತ್ತದೆ. ನಾನು ಹೇಳುತ್ತಿರುವ 18 ಎಲ್ಲ ಹಾಗೆ ಓದಿದ್ದು.

ಎಣ್ಣೆಯ ವಿಷಯಕ್ಕೆ ನಾನು ಒಂದು ಪಾಠ ಕಲಿತೆ. ಮೊದಲ ವರ್ಷ ಮನೆಯಲ್ಲಿದ್ದ ಕೊಬ್ಬರಿ ಎಣ್ಣೆ ಸವರಿದೆ. ಸೆಪ್ಟೆಂಬರಿನಲ್ಲಿ ಚೆನ್ನಾಗಿತ್ತು. ಡಿಸೆಂಬರಿನಲ್ಲಿ ಹಿಮದ ಮೇಲೆ ನಿಂತು ಡಬ್ಬಿ ತೆಗೆದರೆ ಬಿಲ್ಲೆಗಳೆಲ್ಲ ಹಪ್ಪಳದ ಹಾಗೆ ಗಟ್ಟಿಯಾಗಿದ್ದವು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದಲ್ಲ. ಈಗ ಆಲಿವ್ ಎಣ್ಣೆಗೆ ಸ್ವಲ್ಪ ಜೇನುಮೇಣ ಕರಗಿಸಿ ಬಳಸುತ್ತೇನೆ. ಚಳಿ ಜಾಸ್ತಿಯಾದಂತೆ ಮೇಣ ಕಮ್ಮಿ. 1857ರಲ್ಲಿ ಎನ್‌ಫೀಲ್ಡ್ ರೈಫಲಿನ ತೋಟೆಗೆ ಸವರಿದ ಕೊಬ್ಬಿನಿಂದ ಎಷ್ಟು ದೊಡ್ಡ ಗಲಾಟೆ ಆಯಿತು ಅಂತ ನಾವೆಲ್ಲ ಓದಿದ್ದೇವೆ. ಆ ಕೊಬ್ಬು ಅಲ್ಲಿ ಇದ್ದದ್ದೂ ಇದೇ ಕೆಲಸಕ್ಕೆ. ಗುಂಡು ಸಲೀಸಾಗಿ ಇಳಿಯಲಿ, ಮಸಿ ಗಟ್ಟಿಯಾಗದಿರಲಿ ಅಂತ.

ಈಗ ಬಿಗಿ ಜಾಸ್ತಿಯಾದರೆ ಏನಾಗುತ್ತದೆ ಹೇಳಿಬಿಡುತ್ತೇನೆ. ಎರಡನೇ ವರ್ಷ ನನಗೆ 495ರ ಒಂದು ಡಬ್ಬಿ ಸಿಕ್ಕಿತು. ಬಿಗಿಯಾದಷ್ಟೂ ಗುರಿ ಚೆನ್ನಾಗಿರುತ್ತದೆ ಅಂತ ಯಾರೋ ಹೇಳಿದ್ದು ತಲೆಯಲ್ಲಿತ್ತು. ಹಳೇ ಜೀನ್ಸ್ ಪ್ಯಾಂಟ್ ಕತ್ತರಿಸಿ ಬಿಲ್ಲೆ ಮಾಡಿದೆ. ಮೊದಲ ಎರಡು ಈಡು ಕಷ್ಟಪಟ್ಟು ಇಳಿದವು. ಮೂರನೆಯದಕ್ಕೆ ನಳಿಗೆಯಲ್ಲಿ ಮಸಿ ಕಟ್ಟಿತ್ತು. ಗುಂಡು ಬಾಯಿಂದ ಒಂದು ಗೇಣು ಇಳಿದು ನಿಂತಿತು. ಮೇಲೆ ಬಾರದು, ಕೆಳಗೆ ಹೋಗದು. ನಾನು ಮೈಭಾರ ಹಾಕಿ ಒತ್ತಿದೆ. ಮರದ ಗಜ ಓರೆಯಾಗಿ ಸೀಳಿ ಮುರಿಯಿತು. ಚೂಪಾದ ತುದಿ ಅಂಗೈಯನ್ನು ಉದ್ದಕ್ಕೆ ಗೀರಿತು. ಹೆಬ್ಬೆರಳಿನ ಬುಡದಲ್ಲಿ ಗುರುತು ಈಗಲೂ ಇದೆ.

ಇಂಥ ಹೊತ್ತಿನಲ್ಲಿ "ಹೇಗೂ ಮದ್ದು ಇದೆ, ಹೊಡೆದುಬಿಡೋಣ" ಅಂತ ಅನಿಸುತ್ತದೆ. ಖಂಡಿತ ಬೇಡ. ಗುಂಡು ಮದ್ದಿನ ಮೇಲೆ ಕೂತಿರಲೇಬೇಕು. ನಡುವೆ ಖಾಲಿ ಜಾಗ ಬಿಟ್ಟು ಹೊಡೆದರೆ ನಳಿಗೆ ಉಬ್ಬುತ್ತದೆ, ಸೀಳಿಯೂ ಹೋಗುತ್ತದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರ ಹತ್ತಿರ ಗ್ಯಾಸಿನಿಂದ ಗುಂಡು ಹೊರದಬ್ಬುವ ಚಿಕ್ಕ ಉಪಕರಣ ಇತ್ತು. ರಂಜಕದ ತೂತಿಗೆ ಹಿಡಿದು ಒತ್ತಿದಾಗ ಗುಂಡು ಟಪ್ ಅಂತ ಹೊರಗೆ ಬಂತು. ಅವತ್ತೇ ನಾನೂ ಒಂದು ಕೊಂಡೆ. ಗಜವನ್ನೂ ಬದಲಾಯಿಸಿದೆ. ಪೂರ್ತಿ ತುಂಬಿದ ಕೋವಿಯಲ್ಲಿ ಗಜ ಎಲ್ಲಿಗೆ ಬರಬೇಕೋ ಅಲ್ಲಿ ಒಂದು ಗೆರೆ ಎಳೆದಿದ್ದೇನೆ. ಗೆರೆ ಬಾಯಿಗೆ ಬಾರದೆ ಹೊಡೆಯುವುದಿಲ್ಲ.

ಹಾಗಾದರೆ ಬಿಗಿ ಎಷ್ಟಿರಬೇಕು? ಬಾಯಿಯಲ್ಲಿ ಗುಂಡು ಇಟ್ಟು, ಚಿಕ್ಕ ಗಜದ ಗುಬುಟಿನ ಮೇಲೆ ಅಂಗೈಯಿಂದ ಒಂದು ಗಟ್ಟಿ ಏಟು ಹಾಕಿದರೆ ಒಳಗೆ ಹೋಗಬೇಕು. ಆಮೇಲೆ ಉದ್ದ ಗಜದಿಂದ ಒಂದೇ ಸಮ ಒತ್ತಿದರೆ ತಳದವರೆಗೆ ಇಳಿಯಬೇಕು. ಹೆಬ್ಬೆರಳಿನಿಂದಲೇ ಒತ್ತಿದರೆ ಇಳಿಯುತ್ತದೆ ಅಂದರೆ ಸಡಿಲ. ಸುತ್ತಿಗೆ ಬೇಕು ಅಂದರೆ ಬಿಗಿ. 1800ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬೇಕರ್ ರೈಫಲ್ ಬಂದಾಗ ಗುಂಡು ಜಡಿಯಲು ಮೊದಮೊದಲು ಸಿಪಾಯಿಗಳಿಗೆ ಮರದ ಸುತ್ತಿಗೆಯನ್ನೇ ಕೊಟ್ಟಿದ್ದರು, ಆಮೇಲೆ ಕೈಬಿಟ್ಟರು. ಅದೇ ಕಾಲದ ಬ್ರಿಟಿಷ್ ಸಿಪಾಯಿಗಳ ನುಣುಪು ನಳಿಗೆಯ ಬ್ರೌನ್ ಬೆಸ್ ಕೋವಿಯದು ಇನ್ನೊಂದು ತುದಿ. ನಳಿಗೆ 750 ಥೌ, ಗುಂಡು ಸುಮಾರು 690. ಬೇಗ ತುಂಬಬಹುದು, ಗುರಿ ದೇವರ ಮೇಲೆ ಭಾರ. ನಮಗೆ ಬೇಕಾದದ್ದು ಇವೆರಡರ ನಡುವೆ ಇದೆ.

ಕಾಗದದ ಲೆಕ್ಕ ಇಷ್ಟು. ಇನ್ನು ಮೈದಾನಕ್ಕೆ ಹೋಗಬೇಕು. ಮದ್ದಿನ ಅಳತೆಗೆ ಕೋವಿ ಮಾಡಿದವರ ಪುಸ್ತಕ ನೋಡಿ, ಕಡಿಮೆಯಿಂದ ಶುರು ಮಾಡಿ. ಕರಿ ಮದ್ದು ಅಥವಾ ಅದರ ಬದಲಿಗೆ ಅಂತಲೇ ಮಾಡಿದ ಮದ್ದು ಮಾತ್ರ. ಈಗಿನ ಹೊಗೆ ಇಲ್ಲದ ಮದ್ದು ಚಿಟಿಕೆಯಷ್ಟೂ ಬೇಡ, ನಳಿಗೆ ಒಡೆಯುತ್ತದೆ. 50 ಯಾರ್ಡ್ ದೂರದ ಗುರಿಗೆ ಒಂದು ಜೋಡಿಯಲ್ಲಿ ಐದು ಈಡು ಹೊಡೆಯಿರಿ. ಪ್ರತಿ ಈಡಿನ ನಡುವೆ ಒದ್ದೆ ಬಟ್ಟೆಯಿಂದ ಒಮ್ಮೆ ನಳಿಗೆ ಒರೆಸಿ. ಆಮೇಲೆ ಬಟ್ಟೆ ಬದಲಿಸಿ ಐದು. ಒಂದು ಸಲಕ್ಕೆ ಒಂದೇ ಬದಲಾವಣೆ.

ಗುರಿ ಹಲಗೆ ನೋಡುವ ಮೊದಲು ನಾನು ನೆಲ ನೋಡುತ್ತೇನೆ. ಹೊಡೆದ ಬಟ್ಟೆ ಬಿಲ್ಲೆಗಳು ನಾಲ್ಕೈದು ಮೀಟರ್ ಮುಂದೆ ಬಿದ್ದಿರುತ್ತವೆ. ಹಿಮ ಇದ್ದರೆ ಹುಡುಕುವ ಕಷ್ಟವೇ ಇಲ್ಲ, ಬಿಳಿ ಮೇಲೆ ಕಪ್ಪು ಚುಕ್ಕೆ. ಗುಂಡು ಮತ್ತು ಬಟ್ಟೆ ಹೊಂದಿವೆಯೋ ಇಲ್ಲವೋ ಅನ್ನುವುದು ಆ ಬಿಲ್ಲೆಯ ಮೇಲೆ ಬರೆದಿರುತ್ತದೆ.

ಒಂದು ಒಳ್ಳೆ ಬಿಲ್ಲೆ ಈಗ ನನ್ನ ಮೇಜಿನ ಮೇಲಿದೆ. ನಡುವೆ ಗುಂಡು ಕೂತ ಜಾಗ, ಬೂದು ಬಣ್ಣದ ದುಂಡನೆ ಗುರುತು. ಅದರ ಸುತ್ತ ದಿಣ್ಣೆ ಒತ್ತಿದ ಪಟ್ಟಿಗಳು, ಗಾಡಿ ಚಕ್ರದ ಅರೆಗಳ ಹಾಗೆ ಸಮ ಅಂತರದಲ್ಲಿ. ಅದರಾಚೆ ಅಂಚು, ಸ್ವಲ್ಪ ಜುಂಜು ಎದ್ದಿದೆ, ಆದರೆ ಬಟ್ಟೆಯ ಬಣ್ಣ ಹಾಗೇ ಇದೆ. ನೀಲಿ ಪಟ್ಟೆ ಕೂಡ ಕಾಣುತ್ತದೆ. ಎಲ್ಲೂ ತೂತಿಲ್ಲ. ಮತ್ತೆ ಎಣ್ಣೆ ಹಚ್ಚಿ ಇನ್ನೊಂದು ಈಡಿಗೆ ಹಾಕಬಹುದು ಅನ್ನುವಷ್ಟು ಗಟ್ಟಿ. ಹಾಗೆ ಹಾಕಬೇಡಿ, ಆದರೆ ಅಷ್ಟು ಗಟ್ಟಿ ಇರಬೇಕು.

ನಡುವಿನ ಗುರುತಿನಿಂದ ಅಂಚಿನವರೆಗೆ ಕಪ್ಪು ನಾಲಗೆಗಳು ಚಾಚಿದ್ದರೆ ತೋಡಿನಲ್ಲಿ ಹೊಗೆ ನುಗ್ಗಿದೆ ಅಂತ ಅರ್ಥ. ಬಟ್ಟೆ ತೆಳುವಾಯಿತು, ಒಂದೆರಡು ಥೌ ದಪ್ಪದ್ದು ಹಾಕಿ. ಅದು ಇಳಿಯದಷ್ಟು ಬಿಗಿಯಾದರೆ ಗುಂಡನ್ನು 5 ಥೌ ಸಣ್ಣದು ಮಾಡಿ, ಇನ್ನೂ ದಪ್ಪ ಬಟ್ಟೆ ಹಾಕಿ. ನಡುವೆಯೇ ಸುಟ್ಟು ತೂತಾಗಿದ್ದರೆ ಎಣ್ಣೆ ಸಾಲದು, ಇಲ್ಲವೇ ಮದ್ದು ಜಾಸ್ತಿ, ಇಲ್ಲವೇ ಬಟ್ಟೆಯೇ ಸಡಿಲ ನೇಯ್ಗೆಯದು. ಗುರುತಿನ ಸುತ್ತ ಸಮ ಅಂತರದಲ್ಲಿ ಬ್ಲೇಡಿನಲ್ಲಿ ಕೊಯ್ದಂತೆ ಸೀಳು ಇದ್ದರೆ ತಪ್ಪು ಬೆಂಕಿಯದಲ್ಲ, ದಿಣ್ಣೆಯ ಅಂಚಿನದು. ಹೊಸ ನಳಿಗೆಯಲ್ಲಿ ಈ ಅಂಚು ಚೂಪಾಗಿರುತ್ತದೆ, ಅಥವಾ ಬಾಯಿಯ ಅಂಚು ಸರಿಯಿಲ್ಲ. ಗೊತ್ತುಮಾಡಿಕೊಳ್ಳಲು ಮದ್ದು ಹಾಕದೆ ಗುಂಡನ್ನು ಬಟ್ಟೆಯ ಸಮೇತ ಬಾಯಿಯೊಳಗೆ ತಟ್ಟಿ, ಬಟ್ಟೆಯ ಅಂಚು ಹಿಡಿದು ಹಿಂದಕ್ಕೆ ಎಳೆದು ನೋಡಿ. ಆಗಲೇ ಸೀಳಿದ್ದರೆ ಕಳ್ಳ ಬಾಯಿಯಲ್ಲೇ ಇದ್ದಾನೆ. ನೂರು ಈಡು ಹೊಡೆಯುವಷ್ಟರಲ್ಲಿ ಎಷ್ಟೋ ನಳಿಗೆ ತಾನೇ ನಯವಾಗುತ್ತದೆ. ಆಗದಿದ್ದರೆ ಕೋವಿ ಕೆಲಸ ಬಲ್ಲವರ ಕೈಗೆ ಕೊಡಿ.

ನನ್ನ ಕೋವಿಯಲ್ಲಿ 495ಕ್ಕೆ 10ರ ಬಟ್ಟೆ ಹಾಕಿದಾಗ ಐದು ಈಡು ಊಟದ ತಟ್ಟೆಯಷ್ಟು ಹರಡಿದವು, ಬಿಲ್ಲೆ ತುಂಬ ಕಪ್ಪು ನಾಲಗೆ. 495ಕ್ಕೆ 15 ಹಾಕಿದಾಗ ನಿಂಬೆಹಣ್ಣಿನ ಅಗಲ. 490ಕ್ಕೆ 18 ಹಾಕಿದಾಗಲೂ ಹೆಚ್ಚುಕಮ್ಮಿ ಅಷ್ಟೇ. ನಾನು 490ಕ್ಕೆ 18ರ ಜೋಡಿಯನ್ನು ಉಳಿಸಿಕೊಂಡೆ. ಕಾಡಿನಲ್ಲಿ ಮೊದಲ ಈಡಿನ ಮೇಲೆ ನಳಿಗೆ ಒರೆಸಲು ಹೊತ್ತಿರುವುದಿಲ್ಲ. ಮಸಿ ಕಟ್ಟಿದ ನಳಿಗೆಯಲ್ಲಿ 490 ಇಳಿಯುತ್ತದೆ, 495 ತಕರಾರು ಮಾಡುತ್ತದೆ. ತೂಕದಲ್ಲಿ ದೊಡ್ಡ ವ್ಯತ್ಯಾಸವೂ ಇಲ್ಲ. 490 ಸುಮಾರು 177 ಗ್ರೇನ್, ಅಂದರೆ ಹನ್ನೊಂದೂವರೆ ಗ್ರಾಂ. 495 ಅದಕ್ಕಿಂತ 5 ಗ್ರೇನ್ ಮಾತ್ರ ಹೆಚ್ಚು.

ಗುಂಡನ್ನು ಮನೆಯಲ್ಲೇ ಎರಕ ಹೊಯ್ಯುವವರು ಅಪ್ಪಟ ಸೀಸವನ್ನೇ ಬಳಸಿ. ಕಾರಿನ ಚಕ್ರಕ್ಕೆ ಹಾಕುವ ಹಳೇ ತೂಕದ ಬಿಲ್ಲೆ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ಬೆರಕೆ, ಗಡಸು. ಅದೇ ಅಚ್ಚಿನಿಂದ ಒಂದೆರಡು ಥೌ ದೊಡ್ಡ ಗುಂಡು ಬರುತ್ತದೆ, ತೂಕ ಮಾತ್ರ ಕಮ್ಮಿ. ದಿಣ್ಣೆಗೆ ಜಾಗವನ್ನೂ ಬಿಡುವುದಿಲ್ಲ. ಉಗುರಿನಿಂದ ಗೀರಿದರೆ ಗೆರೆ ಬೀಳಬೇಕು, ಅದು ಸರಿಯಾದ ಸೀಸ. ಗಾಳಿ ಆಡುವ ಕಡೆ ಕರಗಿಸಿ, ಹತ್ತಿರ ಒಂದು ಹನಿ ನೀರೂ ಇರಬಾರದು, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ನಾನು ಪ್ರತಿ ಗುಂಡನ್ನೂ ತೂಗುತ್ತೇನೆ. 175ಕ್ಕಿಂತ ಕಮ್ಮಿ ಬಂದರೆ ಒಳಗೆ ಗಾಳಿಗುಳ್ಳೆ ಇದೆ ಅಂತ ಮತ್ತೆ ಪಾತ್ರೆಗೆ. ಎರಕದ ಬಾಲ ಕತ್ತರಿಸಿದ ಚಪ್ಪಟೆ ಜಾಗ ತುಂಬುವಾಗ ಯಾವಾಗಲೂ ಮೇಲಕ್ಕೆ, ನಡುಮಧ್ಯಕ್ಕೆ ಬರಲಿ.

ಬೇರೆ ಕ್ಯಾಲಿಬರಿಗೂ ಶುರು ಮಾಡುವ ಜಾಗ ಇದೇ, ಹೆಸರಿಗಿಂತ 10 ಥೌ ಕಮ್ಮಿ. 45ಕ್ಕೆ 440, 54ಕ್ಕೆ 530, 58ಕ್ಕೆ 570. 36ಕ್ಕೆ 350. ಇಲ್ಲಿ ಕಿಡಿಕಲ್ಲಿನ ಕೋವಿಯಿಂದ ಜಿಂಕೆ ಬೇಟೆಗೆ ಕನಿಷ್ಠ 44 ಕ್ಯಾಲಿಬರ್ ಇರಲೇಬೇಕು ಅಂತ ಕಾನೂನು. ನಳಿಗೆಯ ಸುರುಳಿಯನ್ನೂ ನೋಡಿ. ನನ್ನದು 60 ಇಂಚಿಗೆ ಒಂದು ಸುತ್ತು, ಉಂಡೆ ಗುಂಡಿಗೆ ಹೇಳಿ ಮಾಡಿಸಿದ್ದು. 48ಕ್ಕೆ ಒಂದು ಸುತ್ತಿನದೂ ನಡೆಯುತ್ತದೆ. 28 ಇಂಚಿಗೆ ಒಂದು ಸುತ್ತು ಇದ್ದರೆ ಅದು ಉದ್ದ ಗುಂಡಿಗೆ ಅಂತ ಮಾಡಿದ ನಳಿಗೆ. ಅದರಲ್ಲಿ ಉಂಡೆ ಗುಂಡಿನ ಜೊತೆ ಗುದ್ದಾಡಬೇಡಿ.

ಆ ಗೆಳೆಯರ ಕೋವಿಯನ್ನು ಮಾರನೇ ಶನಿವಾರ ಅಳೆದೆವು. ತೋಡು 6 ಥೌ ಮಾತ್ರ ಇತ್ತು. 490 ಗುಂಡಿಗೆ ತೋಡಿನಲ್ಲಿ 11 ಥೌ ಜಾಗ. ನನ್ನ ಪಟ್ಟೆ ಬಟ್ಟೆ ಅವರಿಗೆ ಆಗಲಿಲ್ಲ. ಅವರ ಮನೆಯವರು ಒಂದು ಹಳೇ ಹತ್ತಿ ಮೇಜುಬಟ್ಟೆ ಕೊಟ್ಟರು. ಅದುಮಿ ಅಳೆದರೆ 13. ಐದು ಬಿಲ್ಲೆ ಕತ್ತರಿಸಿಕೊಂಡು ಹೋದೆವು, ಐದೂ ಹಿಮದ ಮೇಲೆ ಇಡಿಯಾಗಿ ಸಿಕ್ಕವು. ಅವರ ಗುಂಡಿನ ಡಬ್ಬಿಯ ಮುಚ್ಚಳದ ಒಳಗೆ ಈಗ ಪೆನ್ಸಿಲ್ಲಿನಲ್ಲಿ ಬರೆದಿದೆ: 490, ಮೇಜುಬಟ್ಟೆ 13, ಆಲಿವ್ ಎಣ್ಣೆ.